ಕಣಕುಂಬಿಯಿಂದ ಕೂಡಲಸಂಗಮದವರೆಗೆ: ಮಲಪ್ರಭೆಗೆ ಬೇಕಾದ ಸಮಗ್ರ ಯೋಜನೆ

ಕೂಡಲಸಂಗಮವನ್ನು ಒಮ್ಮೆಯಾದರೂ ಕಾಣದ ಕುಟುಂಬಗಳು ನಮ್ಮ ಸಮಾಜದಲ್ಲಿ ವಿರಳವೆಂದೇ ಹೇಳಬೇಕು. ಸಂಕ್ರಾಂತಿಯ ಪುಣ್ಯಕಾಲದಲ್ಲಿ ಮಕ್ಕಳುಮರಿಗಳೊಡನೆ ಹೋಗಿ, ಹೊಳೆಯಲ್ಲಿ ಮಿಂದು, ಸಂಗಮನಾಥನ ದರ್ಶನ ಪಡೆದು, ಬಸವಣ್ಣನವರ ಐಕ್ಯಸ್ಥಳಕ್ಕೆ ಹಣೆ ಮಣಿದು ಬರುವುದು ಉತ್ತರ ಕರ್ನಾಟಕದ ಭಕ್ತರಿಗೆ ರೂಢಿಯಾಗಿ ಬಂದ ಸಂಗತಿ. ಐಕ್ಯಮಂಟಪದ ಸುತ್ತ ಹರಡಿ ನಿಂತ ನೀರನ್ನು ನೋಡಿದವರ ಮನಸ್ಸಿಗೆ ಹೊಳೆ ತುಂಬಿದೆ ಎಂಬ ಸಮಾಧಾನ ತಾನಾಗಿ ಮೂಡುತ್ತದೆ. ಆದರೆ ಆ ನೀರು ಮಲಪ್ರಭೆಯು ಹೊತ್ತು ತಂದ ನೀರಷ್ಟೇ ಅಲ್ಲ. 1982ರಲ್ಲಿ ಪೂರ್ಣಗೊಂಡ ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರು ಅದು. ಐಕ್ಯಲಿಂಗದ ಸುತ್ತ ಬಾವಿಯಂತಹ ಎತ್ತರದ ಕಟ್ಟಡವನ್ನು ಕಟ್ಟಿ ರಕ್ಷಿಸಬೇಕಾಗಿ ಬಂದುದೂ ಆ ಹಿನ್ನೀರಿನ ದೆಸೆಯಿಂದಲೇ. ಆದುದರಿಂದ ಸಂಗಮದ ಮೆಟ್ಟಿಲ ಮೇಲೆ ನಿಂತು ಮಲಪ್ರಭೆಯ ಆರೋಗ್ಯವನ್ನು ಅಳೆಯಲಾಗದು. ಬೇಸಿಗೆಯ ದಿನಗಳಲ್ಲಿ ಅಲ್ಲಿಂದ ದಂಡೆ ಹಿಡಿದು ಮೇಲಕ್ಕೆ, ಪಟ್ಟದಕಲ್ಲಿನಾಚೆ ಬಾದಾಮಿ, ರಾಮದುರ್ಗದ ಸೀಮೆಗೆ ಹೋದವರಿಗೆ ಮಾತ್ರ ಅದರ ನಿಜಸ್ಥಿತಿ ತಿಳಿಯುತ್ತದೆ. ಅಲ್ಲೊಂದು ಇಲ್ಲೊಂದು ಮಡುವಿನಲ್ಲಿ ಹಸಿರುಗಟ್ಟಿದ ನೀರು, ಪಾತ್ರದ ನಡುವೆಯೇ ಬೆಳೆದ ಜಾಲಿಕಂಟಿ, ಉಳಿದುದೆಲ್ಲ ಒಣನೆಲ.

ನದಿಯನ್ನು ಉಳಿಸುವ ಮಾತು ಇಂದು ಎಲ್ಲ ವೇದಿಕೆಗಳ ಮೇಲೆಯೂ ಕೇಳಿಬರುತ್ತಿದೆ. ಉಳಿಸುವ ಯೋಜನೆ ಎಂದರೇನು, ಅದು ಎಲ್ಲಿಂದ ಆರಂಭವಾಗಬೇಕು, ಅದರಲ್ಲಿ ಯಾರ ಪಾಲೆಷ್ಟು ಎಂಬ ವಿಚಾರ ಮಾತ್ರ ಕಡಿಮೆ. ನಮಗೆಲ್ಲ ಪರಿಚಿತವಾದ ಈ ಒಂದು ಹೊಳೆಯನ್ನೇ ಮುಂದಿಟ್ಟುಕೊಂಡು ಆ ವಿಚಾರವನ್ನು ಓದುಗ ಬಂಧುಗಳೊಡನೆ ಮಾಡಬೇಕೆಂದು ನಾವು ಬಯಸಿದ್ದೇವೆ.

ಹೊಳೆ ಹುಟ್ಟುವ ನಾಡು

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 790 ಮೀಟರ್ ಎತ್ತರದ ಸಹ್ಯಾದ್ರಿಯ ನೆತ್ತಿಯ ಮೇಲೆ ಮಲಪ್ರಭೆಯ ಉಗಮ. ಅಲ್ಲಿಂದ ಅರಬ್ಬೀ ಸಮುದ್ರ ಕೂಗಳತೆಯಲ್ಲಿದೆಯೆನ್ನಬಹುದು. ಆದರೂ ಅವಳು ಬೆನ್ನು ತಿರುಗಿಸಿ ಪೂರ್ವಕ್ಕೆ ಹೊರಟು, ಸುಮಾರು 300 ಕಿಲೋಮೀಟರ್ ನಡೆದು ಕೃಷ್ಣೆಯನ್ನು ಸೇರುತ್ತಾಳೆ. ಖಾನಾಪುರವನ್ನು ದಾಟಿ ಮುಂದೆ ಬಂದರೆ ಎಂ.ಕೆ. ಹುಬ್ಬಳ್ಳಿ, ಅಲ್ಲಿ ಹೊಳೆಯಲ್ಲಿಯೇ ಶರಣೆ ಗಂಗಾಂಬಿಕೆಯವರ ಐಕ್ಯಮಂಟಪವಿದೆ. ಆ ಸನ್ನಿಧಿಯನ್ನು ಸವರಿಕೊಂಡು ಹೊರಟ ನೀರು ಕೊನೆಗೆ ಬಸವಣ್ಣನವರ ಸನ್ನಿಧಿಯನ್ನು ಮುಟ್ಟುವುದೆಂಬುದು ನಮ್ಮ ಸಮಾಜದವರಲ್ಲಿಯೂ ಅನೇಕರು ಗಮನಿಸದ ಸಂಗತಿ. ಈ ಹೊಳೆಯ ಪ್ರಾಚೀನ ಹೆಸರು ಮಲಾಪಹಾರಿ, ಎಂದರೆ ಕೊಳೆಯನ್ನು ಕಳೆಯುವವಳು.

ಈ ನದಿಯ ವೈಚಿತ್ರ್ಯವೆಂದರೆ ಅದರ ಎರಡು ತುದಿಗಳ ಮಳೆಯಲ್ಲಿರುವ ಅಂತರ. ಕಣಕುಂಬಿಯ ಸುತ್ತ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಬಾದಾಮಿ, ಹುನಗುಂದಗಳ ಕಡೆಗೆ ಬರುವಷ್ಟರಲ್ಲಿ ಅದು 600 ಮಿಲಿಮೀಟರಿನ ಆಸುಪಾಸಿಗೆ ಇಳಿದಿರುತ್ತದೆ. ಮಲಪ್ರಭೆಯ ಒಟ್ಟು ಜಲಾನಯನ ಪ್ರದೇಶ, ಎಂದರೆ ಎಲ್ಲೆಲ್ಲಿ ಬಿದ್ದ ಮಳೆ ಕೊನೆಗೆ ಇದೇ ಹೊಳೆಗೆ ಬಂದು ಸೇರುವುದೋ ಆ ನೆಲ, 11,000 ಚದರ ಕಿಲೋಮೀಟರಿಗೂ ಹೆಚ್ಚು. ಸವದತ್ತಿಯ ಬಳಿಯ ನವಿಲುತೀರ್ಥದ ಅಣೆಕಟ್ಟಿನಿಂದ ಮೇಲಿರುವುದು ಅದರ ಕಾಲು ಭಾಗಕ್ಕಿಂತ ಕಡಿಮೆ. ಆ ಕಾಲು ಭಾಗದಲ್ಲಿಯೂ ನೀರನ್ನು ದುಡಿದು ತರುವುದು ಮುಖ್ಯವಾಗಿ ಖಾನಾಪುರದ ಮಲೆನಾಡು. ಒಂದು ತಾಲ್ಲೂಕಿನ ಬೆಟ್ಟ-ಕಾಡುಗಳು ನಾಲ್ಕು ಜಿಲ್ಲೆಗಳನ್ನು ಸಾಕುತ್ತಿವೆ ಎಂದರೆ ಅತಿಶಯೋಕ್ತಿಯಾಗದು.

ಕಾಡಿನ ನೆಲಕ್ಕೂ ಬೋಳು ನೆಲಕ್ಕೂ ಇರುವ ವ್ಯತ್ಯಾಸವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ದಟ್ಟವಾದ ಕಾಡಿನ ಮೇಲೆ ಬಿದ್ದ ಮಳೆ ನೇರವಾಗಿ ಮಣ್ಣಿಗೆ ಬಡಿಯುವುದಿಲ್ಲ. ಎಲೆಯಿಂದ ಎಲೆಗಿಳಿದು, ಕಾಂಡವನ್ನು ಹಿಡಿದು, ನೆಲದ ಮೇಲೆ ಗೇಣುದ್ದ ಹಾಸಿದ ತರಗೆಲೆಯ ಹೊದಿಕೆಯಲ್ಲಿ ನೆಂದು, ಬೇರುಗಳು ಬಿಡಿಸಿದ ದಾರಿಯಲ್ಲಿ ಒಳಗಿಳಿಯುತ್ತದೆ. ಹಾಗೆ ಇಳಿದ ನೀರು ತಿಂಗಳುಗಟ್ಟಲೆ ತಡೆದು ಒರತೆಯಾಗಿ ಹೊರಗೆ ಬರುತ್ತದೆ. ಮಳೆ ನಿಂತು ಮೂರು ತಿಂಗಳಾದ ಮೇಲೂ ಹೊಳೆಯಲ್ಲಿ ನೀರು ಹರಿಯುವುದು ಈ ಒರತೆಗಳ ಪುಣ್ಯದಿಂದ. ಕಾಡು ತೆಳುವಾದಲ್ಲಿ, ತರಗೆಲೆಯನ್ನು ಗುಡಿಸಿ ಒಯ್ದಲ್ಲಿ, ದನಗಳು ತುಳಿದು ನೆಲ ಗಟ್ಟಿಯಾದಲ್ಲಿ ಅದೇ ಮಳೆ ಮಣ್ಣನ್ನು ಎಬ್ಬಿಸಿಕೊಂಡು ಒಂದೆರಡು ದಿನಗಳಲ್ಲಿಯೇ ಓಡಿಹೋಗುತ್ತದೆ. ಮಳೆಯ ಪ್ರಮಾಣ ಅದೇ. ಮಳೆಗಾಲದಲ್ಲಿ ಕೆಂಪುನೀರು, ಬೇಸಿಗೆಯಲ್ಲಿ ನೀರೇ ಇಲ್ಲ.

ಇದರೊಡನೆ ಬೇಸಾಯವೂ ಬದಲಾಗಿದೆ. ಮಲಪ್ರಭೆಯ ಮೇಲಣ ಕಣಿವೆಯಲ್ಲಿ ಹಿಂದಿನಿಂದಲೂ ಭತ್ತದ ಗದ್ದೆಗಳಿದ್ದವು. ಬದು ಕಟ್ಟಿದ ಪ್ರತಿಯೊಂದು ಗದ್ದೆಯೂ ಮಳೆಗಾಲದಲ್ಲಿ ಒಂದೊಂದು ಸಣ್ಣ ಕೆರೆಯಂತೆ ನೀರನ್ನು ಹಿಡಿದು ಇಂಗಿಸುತ್ತಿತ್ತು. ಇತ್ತೀಚಿನ ದಶಕಗಳಲ್ಲಿ ಖಾನಾಪುರ, ಬೈಲಹೊಂಗಲದ ಕಡೆ ಕಬ್ಬು ಹರಡಿದೆ. ವರ್ಷವಿಡೀ ನೀರು ಬೇಡುವ ಬೆಳೆ ಅದು. ಅದಕ್ಕಾಗಿ ಕೊಳವೆಬಾವಿಗಳು ಬಂದವು, ಹೊಳೆಗೆ ಪಂಪುಗಳು ಕುಳಿತವು. ನೆಲದೊಳಗಿನ ನೀರು ಬೇರೆ, ಹೊಳೆಯ ನೀರು ಬೇರೆ ಎಂದು ನಾವು ತಿಳಿದಿದ್ದೇವೆ. ವಾಸ್ತವದಲ್ಲಿ ಬೇಸಿಗೆಯ ಹೊಳೆಯೆಂದರೆ ಹೊರಗೆ ಬಂದ ಅಂತರ್ಜಲವೇ. ದಂಡೆಯ ಎರಡೂ ಕಡೆ ನೆಲದ ನೀರಿನ ಮಟ್ಟ ಪಾತ್ರಕ್ಕಿಂತ ಕೆಳಗಿಳಿಯಿತೆಂದರೆ ನೆಲ ಹೊಳೆಗೆ ನೀರು ಕೊಡುವುದನ್ನು ನಿಲ್ಲಿಸಿ, ಹೊಳೆಯಿಂದಲೇ ಹೀರತೊಡಗುತ್ತದೆ. ರೈತನನ್ನು ಇದಕ್ಕಾಗಿ ದೂರುವುದು ಸಲ್ಲದು. ಹೆಚ್ಚು ಆದಾಯ ತರುವ, ಕೊಳ್ಳುವವರು ನಿಶ್ಚಿತವಾಗಿರುವ ಬೆಳೆಯನ್ನು ಬಿಟ್ಟು ಬೇರೆಯದನ್ನು ಬೆಳೆಯೆಂದು ಬರಿಗೈಯಲ್ಲಿ ಉಪದೇಶಿಸಿದರೆ ಯಾರು ಕೇಳಿಯಾರು?

ಅಣೆಕಟ್ಟಿನ ಲೆಕ್ಕ, ಹೊಳೆಯ ಲೆಕ್ಕ

ನವಿಲುತೀರ್ಥದಲ್ಲಿ ಕಟ್ಟಿದ ರೇಣುಕಾಸಾಗರ 1970ರ ದಶಕದಿಂದ ನೀರು ಹಿಡಿಯುತ್ತ ಬಂದಿದೆ. ಸಾಮರ್ಥ್ಯ 37 ಟಿಎಂಸಿ ಅಡಿಗೂ ಹೆಚ್ಚು. ಎಡದಂಡೆ, ಬಲದಂಡೆ ಕಾಲುವೆಗಳಿಂದ ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ ಜಿಲ್ಲೆಗಳ 2 ಲಕ್ಷ ಹೆಕ್ಟೇರಿಗೂ ಮೀರಿದ ನೆಲಕ್ಕೆ ನೀರುಣಿಸಬೇಕೆಂಬುದು ಯೋಜನೆ. ಹುಬ್ಬಳ್ಳಿ-ಧಾರವಾಡದ ಮನೆಗಳ ನಲ್ಲಿಗೆ ಬರುವ ನೀರೂ ಇದೇ. ಆದರೆ ಜಲಾಶಯದ ಆಯುಷ್ಯದಲ್ಲಿ ಅದು ತುಂಬಿದ ವರ್ಷಗಳಿಗಿಂತ ತುಂಬದ ವರ್ಷಗಳೇ ಹೆಚ್ಚು. ಜೋಳ, ಹತ್ತಿ, ಗೋಧಿಯಂತಹ ಹಗುರ ನೀರಾವರಿಯ ಬೆಳೆಗಳನ್ನು ಎಣಿಸಿ ಹಾಕಿದ ಲೆಕ್ಕ, ಕಾಲುವೆಯ ತಲೆಯಲ್ಲಿರುವವರು ಹೆಚ್ಚು ನೀರು ಬಳಸತೊಡಗಿದಾಗ ಕಾಲುವೆಯ ಬಾಲಕ್ಕೆ ತಪ್ಪಿತು. ನೀರು ಬಾರದ ಹೊಲಕ್ಕೂ ಅಭಿವೃದ್ಧಿ ಕರ, ನೀರು ನಿಂತ ಎರೆಭೂಮಿಯಲ್ಲಿ ಸವಳು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ನಡೆದ ರೈತ ಬಂಡಾಯದ ಹಿಂದಿದ್ದುದು ಈ ಸಂಕಟವೇ. ನದಿಯ ಯೋಜನೆಯನ್ನು ಕಾಲುವೆಯ ಯೋಜನೆಯೆಂದು ಮಾತ್ರ ತಿಳಿದರೆ ಅದರ ಬೆಲೆಯನ್ನು ಯಾರು ತೆರುತ್ತಾರೆಂಬುದನ್ನು ಆ ನಾಡು ಬಹಳ ಹಿಂದೆಯೇ ಕಂಡಿದೆ.

ಮಹದಾಯಿಯ ಮಾತು ಬಾರದೆ ಮಲಪ್ರಭೆಯ ಮಾತು ಮುಗಿಯದು. ಕಳಸಾ-ಬಂಡೂರಿ ನಾಲೆಗಳ ಮೂಲಕ ಮಲಪ್ರಭೆಗೆ 3.9 ಟಿಎಂಸಿ ನೀರನ್ನು ತಿರುಗಿಸಿಕೊಳ್ಳಲು ಮಹದಾಯಿ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಒಪ್ಪಿಗೆಯಿತ್ತಿತು. 2020ರ ಫೆಬ್ರವರಿಯಲ್ಲಿ ಅದರ ಅಧಿಸೂಚನೆಯೂ ಹೊರಬಿತ್ತು. ಆ ನಂತರದ ವ್ಯಾಜ್ಯಗಳನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ. ಕುಡಿಯುವ ನೀರಿಗಾಗಿ ವರ್ಷಗಟ್ಟಲೆ ಧರಣಿ ಕುಳಿತ ಜನರ ನೋವು ನಿಜವಾದುದು. ಆದರೆ ಒಂದು ಸಣ್ಣ ಲೆಕ್ಕವನ್ನು ಓದುಗರ ಮುಂದಿಡುತ್ತೇವೆ. ಅಣೆಕಟ್ಟಿನ ಮೇಲ್ಭಾಗದ ಜಲಾನಯನದಲ್ಲಿ 2,000 ಚದರ ಕಿಲೋಮೀಟರನ್ನು ಮಾತ್ರ ಹಿಡಿದರೂ, ಅದರ ಮೇಲೆ 14 ಮಿಲಿಮೀಟರಿನಷ್ಟು ಆಳಕ್ಕೆ ನಿಂತ ನೀರೆಂದರೆ ಒಂದು ಟಿಎಂಸಿ. ನ್ಯಾಯಮಂಡಳಿ ಕೊಟ್ಟ 3.9 ಟಿಎಂಸಿ, ಅದೇ ನೆಲದ ಮೇಲಣ ಸುಮಾರು 55 ಮಿಲಿಮೀಟರ್ ನೀರಿಗೆ ಸಮ. ನಮ್ಮ ಅಂಗಳದ ಜಲಾನಯನವನ್ನು ನಾವು ಹೇಗೆ ಇಟ್ಟುಕೊಂಡಿದ್ದೇವೆ ಎಂಬುದರ ಮೇಲೆ ಇದಕ್ಕೆ ಸಾಟಿಯಾದ ಪ್ರಮಾಣದ ನೀರು ಬರುವುದೂ ಉಂಟು, ಬಾರದಿರುವುದೂ ಉಂಟು. ಪಕ್ಕದ ನದಿಯ ನೀರಿಗೆ ನಡೆದ ಹೋರಾಟದ ನೂರರಲ್ಲೊಂದು ಪಾಲಾದರೂ ಸ್ವಂತ ನದಿಯ ಕಣಿವೆಗಾಗಿ ನಡೆಯಲಿಲ್ಲವೆಂಬುದು ನಮ್ಮ ವ್ಯಥೆ.

ಬರಿದಾದ ಪಾತ್ರ, ಉಕ್ಕಿಬಂದ ಪ್ರವಾಹ

ನವಿಲುತೀರ್ಥದ ಕೆಳಗೆ ಕಥೆ ಬೇರೆಯಾಗುತ್ತದೆ. ಹೊಳೆಯ ನೀರು ಕಾಲುವೆಗೆ ಹೋಗುವುದರಿಂದ ವರ್ಷದ ಬಹುಕಾಲ ಪಾತ್ರ ಬರಿದು. ವರ್ಷಾನುಗಟ್ಟಲೆ ನೀರು ಬಾರದ ನೆಲವನ್ನು ಕಂಡು ಅಕ್ಕಪಕ್ಕದವರು ಮೊದಲು ದಂಡೆಯನ್ನು ಉತ್ತರು, ಅನಂತರ ಪಾತ್ರವನ್ನೇ ಉತ್ತರು. ಮರಳು ತೆಗೆಯುವವರು ಅದನ್ನು ಇನ್ನೊಂದು ರೀತಿಯಲ್ಲಿ ಕೆಡಿಸಿದರು. ಹೀಗೆ ಅಗಲವಾಗಿದ್ದ ಹೊಳೆ ಎಷ್ಟೋ ಕಡೆ ಹಳ್ಳದಷ್ಟಾಯಿತು.

ಹೊಳೆಗೆ ಮಾತ್ರ ತನ್ನ ಹಳೆಯ ಅಗಲ ಮರೆಯುವುದಿಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದಲ್ಲಿ ಬಂದ ಮಹಾಪೂರವನ್ನು ಆ ಭಾಗದವರು ಇನ್ನೂ ಮರೆತಿಲ್ಲ. 2019ರ ಆಗಸ್ಟಿನಲ್ಲಿ ಮತ್ತೆ ರಾಮದುರ್ಗ, ನರಗುಂದ, ರೋಣ, ಬಾದಾಮಿ ತಾಲ್ಲೂಕುಗಳ ದಂಡೆಯ ಊರುಗಳು ನೀರಿನಲ್ಲಿ ನಿಂತವು. ಪಟ್ಟದಕಲ್ಲಿನ ದೇವಾಲಯಗಳ ಅಂಗಳದೊಳಗೂ ಹೊಳೆ ಬಂದಿತು. 2009ರ ನಂತರ ಸರ್ಕಾರವೂ ದಾನಿಗಳೂ ಸೇರಿ ‘ಆಸರೆ’ ಎಂಬ ಹೆಸರಿನಲ್ಲಿ ಎತ್ತರದ ಜಾಗಗಳಲ್ಲಿ ಹೊಸ ಮನೆಗಳನ್ನು ಕಟ್ಟಿಸಿದರು. ಆದರೆ ಹೊಲ ದೂರ, ದನ ಕಟ್ಟಲು ಎಡೆಯಿಲ್ಲ, ಅಣ್ಣತಮ್ಮಂದಿರ ಕುಟುಂಬಕ್ಕೆ ಸಾಲದಷ್ಟು ಸಣ್ಣ ಮನೆ. ಹೀಗಾಗಿ ಅನೇಕರು ಹಳೆಯ ಊರಿನಲ್ಲಿಯೇ ಉಳಿದರು, ಹತ್ತು ವರ್ಷಗಳ ತರುವಾಯ ಮತ್ತೆ ಅದೇ ನೀರನ್ನು ಕಂಡರು. ಮನೆ ಕಟ್ಟಿಸಿದ ದಾನಿಗಳ ಮನಸ್ಸು ದೊಡ್ಡದು. ಆದರೂ ಆ ಮನೆಯಲ್ಲಿ ಬಾಳುವ ಗೃಹಿಣಿಯನ್ನು ಒಂದು ಮಾತು ಕೇಳಿದ್ದರೆ ಆ ಹಣಕ್ಕೆ ಇನ್ನೂ ಸಾರ್ಥಕತೆ ಬರುತ್ತಿತ್ತು.

ಇಲ್ಲಿ ಬೆಣ್ಣಿಹಳ್ಳದ ಪಾತ್ರವನ್ನು ವಿಶೇಷವಾಗಿ ಹೇಳಬೇಕು. ಹೆಸರು ಬೆಣ್ಣೆಯದು, ಅದನ್ನು ಸೇರುವ ಇನ್ನೊಂದು ಹಳ್ಳದ ಹೆಸರು ತುಪ್ಪರಿ. ಹೆಸರಿಟ್ಟ ಹಿರಿಯರ ಕಾಲದಲ್ಲಿ ಈ ನೆಲ ಎಷ್ಟು ಸಮೃದ್ಧವಾಗಿತ್ತೋ ಏನೋ! ಇಂದು ಬೇಸಿಗೆಯಲ್ಲಿ ಬೆಣ್ಣಿಹಳ್ಳದ ನೀರು ಬಾಯಿಗಿಟ್ಟರೆ ಉಪ್ಪು. ಹಾವೇರಿ, ಧಾರವಾಡ ಜಿಲ್ಲೆಗಳ ಎರೆನಾಡಿನ ಮಳೆಯನ್ನೆಲ್ಲ ಹೊತ್ತು ತರುವ ಈ ಹಳ್ಳ, ಅಣೆಕಟ್ಟಿನ ಕೆಳಗೆ ಮಲಪ್ರಭೆಯನ್ನು ಸೇರುತ್ತದೆ. ಅದರ ಪೂರವನ್ನು ತಡೆದು ನಿಲ್ಲಿಸುವ ದೊಡ್ಡ ಜಲಾಶಯ ನಡುವೆ ಯಾವುದೂ ಇಲ್ಲ. ಎರೆಮಣ್ಣು ಒಣಗಿದಾಗ ಬಿರುಕು ಬಿಟ್ಟು ಮೊದಲ ಮಳೆಯನ್ನು ಕುಡಿಯುತ್ತದೆ. ಒಮ್ಮೆ ನೆಂದು ಉಬ್ಬಿ ಮುಚ್ಚಿಕೊಂಡಿತೆಂದರೆ ಹನಿಯನ್ನೂ ಒಳಗೆ ಬಿಡದು. ಆದುದರಿಂದ ಹಿಂಗಾರಿನ ಒಂದು ರಾತ್ರಿಯ ದೊಡ್ಡ ಮಳೆಗೆ ಹಳ್ಳ ಕೆಲವೇ ಗಂಟೆಗಳಲ್ಲಿ ಉಕ್ಕುತ್ತದೆ. ಅದೇ ಹೊತ್ತಿಗೆ ಜಲಾಶಯದಿಂದಲೂ ನೀರು ಬಿಡಬೇಕಾಗಿ ಬಂದರೆ ಎರಡೂ ಕೂಡಿ ಕೆಳಗಿನ ಊರುಗಳ ಮೇಲೆ ಬೀಳುತ್ತವೆ. ಮಲಪ್ರಭೆಯ ಯೋಜನೆಯೆಂದರೆ ಕಣಕುಂಬಿಯ ಕಾಡಿನಷ್ಟೇ ಬೆಣ್ಣಿಹಳ್ಳದ ಎರೆಹೊಲಗಳ ಯೋಜನೆಯೂ ಹೌದು.

ಯೋಜನೆಗಳಿಲ್ಲವೆಂದಲ್ಲ

ಕಾಗದದ ಮೇಲೆ ನಮ್ಮಲ್ಲಿ ಕೊರತೆಯಿಲ್ಲ. ಅಂತರರಾಜ್ಯ ನದಿಗಳಿಗಾಗಿ ನದಿ ಮಂಡಳಿಗಳ ಕಾಯಿದೆ ಆದುದು 1956ರಲ್ಲಿ. ಅದರ ಅಡಿಯಲ್ಲಿ ಒಂದು ಮಂಡಳಿಯೂ ರಚನೆಯಾಗಲಿಲ್ಲ. ನದಿಯ ಕಣಿವೆಯನ್ನೇ ಘಟಕವಾಗಿ ಹಿಡಿದು ನೀರಿನ ಯೋಜನೆ ಮಾಡಬೇಕೆಂದು 1987ರ ರಾಷ್ಟ್ರೀಯ ಜಲನೀತಿ ಹೇಳಿತು, 2002ರದು ಹೇಳಿತು, 2012ರದೂ ಹೇಳಿತು. ಜಲಮಾಲಿನ್ಯ ತಡೆಯುವ ಕಾಯಿದೆಗೆ 1974ರಿಂದ ಲೆಕ್ಕ ಹಾಕಿದರೆ ಅರ್ಧ ಶತಮಾನ ಸಂದಿತು. ಆದರೂ 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದಲ್ಲಿ 351 ಕಲುಷಿತ ನದಿಭಾಗಗಳನ್ನು ಗುರುತಿಸಿದಾಗ ಅದರಲ್ಲಿ ಕರ್ನಾಟಕದ 17 ಇದ್ದವು, ಮಲಪ್ರಭೆಯೂ ಒಂದು. ಕೊಳೆಯನ್ನು ಕಳೆಯುವವಳೆಂದು ಹೆಸರಾದ ಹೊಳೆಗೆ ದಂಡೆಯ ಊರುಗಳ ಕೊಳೆಯೇ ಹೊರೆಯಾಗಿದೆ.

ನ್ಯೂನತೆ ಇರುವುದು ಹಂಚಿಕೆಯಲ್ಲಿ. ಕಾಡು ಅರಣ್ಯ ಇಲಾಖೆಗೆ, ಅಣೆಕಟ್ಟು ನೀರಾವರಿ ನಿಗಮಕ್ಕೆ, ಹೊಲದ ಒಡ್ಡು ಜಲಾನಯನ ಇಲಾಖೆಗೆ, ಊರಿನ ಚರಂಡಿ ಪುರಸಭೆಗೆ, ಮರಳು ಗಣಿ ಇಲಾಖೆಗೆ, ಕೊಳವೆಬಾವಿ ಅಂತರ್ಜಲ ಪ್ರಾಧಿಕಾರಕ್ಕೆ. ಒಬ್ಬೊಬ್ಬರ ಕಡತದಲ್ಲಿಯೂ ಹೊಳೆಯ ಒಂದೊಂದು ತುಂಡಿದೆ. ಇಡಿಯ ಹೊಳೆ ಯಾರ ಮೇಜಿನ ಮೇಲೆಯೂ ಇಲ್ಲ. ಒಳ್ಳೆಯ ಕೆಲಸ ನಡೆದಿಲ್ಲವೆಂದು ನಾವು ಹೇಳುವುದಿಲ್ಲ. 2001ರಿಂದ 2009ರವರೆಗೆ ಧಾರವಾಡ, ಹಾವೇರಿಯೂ ಸೇರಿದಂತೆ ಐದು ಜಿಲ್ಲೆಗಳಲ್ಲಿ ನಡೆದ ಸುಜಲ ಯೋಜನೆಯಲ್ಲಿ ರೈತರನ್ನೂ ಸ್ತ್ರೀಶಕ್ತಿ ಗುಂಪುಗಳನ್ನೂ ಕೂಡಿಸಿಕೊಂಡು ಹೊಲದ ನಕಾಶೆ ಬರೆದು ಒಡ್ಡು ಹಾಕಿಸಿದ ರೀತಿ ಮೆಚ್ಚತಕ್ಕುದು. 2014ರಲ್ಲಿ ಆರಂಭವಾದ ಕೃಷಿಭಾಗ್ಯದಿಂದ ಸಾವಿರಾರು ಹೊಲಗಳಲ್ಲಿ ಕೃಷಿಹೊಂಡಗಳಾದವು. ಇವೆಲ್ಲ ಹೊಲದ ಹಿತಕ್ಕಾಗಿ ಆದವು. ಹೊಳೆಯ ಲೆಕ್ಕಕ್ಕೆ ಜೋಡಿಸುವವರು ಇರಲಿಲ್ಲ.

ಸುಖೋಮಾಜ್ರಿಯ ಪಾಠ

ಮೇಲ್ಭಾಗದವರಿಗೂ ಕೆಳಭಾಗದವರಿಗೂ ಹೇಗೆ ಕೂಡಿಬರುವುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ಉದಾಹರಣೆಯಿದೆ. ಚಂಡೀಗಢ ನಗರ ಕಟ್ಟುವಾಗ 1958ರಲ್ಲಿ ಸುಖನಾ ಎಂಬ ಸರೋವರವನ್ನು ನಿರ್ಮಿಸಿದರು. ಕೆಲವೇ ವರ್ಷಗಳಲ್ಲಿ ಅದು ಹೂಳಿನಿಂದ ತುಂಬತೊಡಗಿತು. ಹೂಳು ಎತ್ತಿದಷ್ಟೂ ಮತ್ತೆ ಬರುತ್ತಿತ್ತು. ಅದು ಬರುತ್ತಿದ್ದುದು ಶಿವಾಲಿಕ್ ಬೆಟ್ಟಗಳಿಂದ; ಆ ಬೆಟ್ಟಗಳ ತಪ್ಪಲಿನ ಸುಖೋಮಾಜ್ರಿ ಎಂಬ ಹಳ್ಳಿಯ ದನ, ಆಡುಗಳು ಮೇದು ಬೋಳಾದ ಇಳಿಜಾರುಗಳಿಂದ. 1970ರ ದಶಕದ ನಡುವಿನಲ್ಲಿ ಪಿ.ಆರ್. ಮಿಶ್ರಾ ಎಂಬ ಮಣ್ಣು ಸಂರಕ್ಷಣಾ ತಜ್ಞರು ಅಲ್ಲಿಗೆ ಹೋದರು. ಸಸಿ ನೆಟ್ಟು, ಮೇಯಿಸಬೇಡಿರೆಂದು ಹೇಳಿದರೆ ಹಳ್ಳಿಗರು ಒಪ್ಪುವಂತಿರಲಿಲ್ಲ. ಸರೋವರ ಪಟ್ಟಣದವರದು, ಅದು ಉಳಿದರೆ ಹಳ್ಳಿಗೇನು ಲಾಭ?

ಹೊರಬಿದ್ದ ಉಪಾಯವೆಂದರೆ, ಬೆಟ್ಟದ ಬುಡದಲ್ಲಿ ಮಣ್ಣಿನ ಸಣ್ಣ ಕಟ್ಟೆಗಳನ್ನು ಹಾಕಿ ಆ ನೀರನ್ನು ಹಳ್ಳಿಯವರ ಹೊಲಕ್ಕೇ ಕೊಟ್ಟುದು. ಕಟ್ಟೆ ಹೂಳದಿರಬೇಕಾದರೆ ಬೆಟ್ಟ ಹಸಿರಾಗಿರಬೇಕೆಂಬುದು ಆಗ ಅವರಿಗೆ ತಾನಾಗಿ ಅರಿವಾಯಿತು. ಹೊಲವಿದ್ದವನಿಗೆ ನೀರು ಸಿಕ್ಕಿತು. ಹೊಲವಿಲ್ಲದವನು ಬೆಟ್ಟದಲ್ಲಿ ಆಡು ಮೇಯಿಸುವುದನ್ನು ಏಕೆ ಬಿಡಬೇಕು? ಇದಕ್ಕೂ ಉತ್ತರ ಕಂಡುಕೊಂಡರು: ಭೂಮಿ ಇರಲಿ ಇಲ್ಲದಿರಲಿ, ಪ್ರತಿ ಮನೆಗೂ ನೀರಿನಲ್ಲಿ ಸಮಪಾಲು. ಹೊಲವಿಲ್ಲದವನು ತನ್ನ ಪಾಲನ್ನು ಇನ್ನೊಬ್ಬನಿಗೆ ಕೊಟ್ಟು ಪ್ರತಿಫಲ ಪಡೆಯಬಹುದು. ಬೇಲಿಯಿಲ್ಲದೆ, ಕಾವಲುಗಾರನಿಲ್ಲದೆ ಬೆಟ್ಟ ಹಸಿರಾಯಿತು. ಆ ಕಡೆಯಿಂದ ಸರೋವರಕ್ಕೆ ಬರುವ ಹೂಳು ಇಳಿಯಿತು. ದಾಸೋಹದ ಪಂಕ್ತಿಯಲ್ಲಿ ಉಳ್ಳವನಿಗೂ ಇಲ್ಲದವನಿಗೂ ಒಂದೇ ಎಲೆ ಹಾಕುವ ನಮ್ಮ ಜನರಿಗೆ ಈ ಲೆಕ್ಕ ಅರ್ಥವಾಗದ ಮಾತಲ್ಲ.

ರಾಜಸ್ಥಾನದ ಅಲ್ವಾರ್ ಜಿಲ್ಲೆಯ ಅರವರಿ ನದಿಯ ದಂಡೆಯವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಜೋಹಡ ಎಂಬ ಮಣ್ಣಿನ ಕಟ್ಟೆಗಳಿಂದ ಬತ್ತಿದ ಹೊಳೆಗೆ ಮತ್ತೆ ನೀರು ಬಂದ ಮೇಲೆ, 1999ರಲ್ಲಿ ಸುಮಾರು 70 ಹಳ್ಳಿಗಳವರು ಕೂಡಿ ‘ಅರವರಿ ಸಂಸತ್ತು’ ಎಂಬ ಸಭೆಯನ್ನು ಸ್ಥಾಪಿಸಿ, ಹೊಳೆಯಿಂದ ಯಾರು ಯಾವಾಗ ನೀರೆತ್ತಬಹುದು ಎಂಬ ಕಟ್ಟಳೆಗಳನ್ನು ತಾವೇ ಮಾಡಿಕೊಂಡರು.

ಮಲಪ್ರಭೆಗೆ ಏನಾಗಬೇಕು

ನಮ್ಮ ಅಭಿಪ್ರಾಯದಲ್ಲಿ ಮೊದಲು ಆಗಬೇಕಾದುದು ಅಳತೆ. ಕಣಕುಂಬಿಯಿಂದ ಸಂಗಮದವರೆಗೆ ಪ್ರತಿಯೊಂದು ಉಪಹಳ್ಳದ ಕಣಿವೆಯಲ್ಲಿ ಎಷ್ಟು ಮಳೆ ಬೀಳುತ್ತದೆ, ಎಷ್ಟು ಹರಿಯುತ್ತದೆ, ಎಷ್ಟು ಇಂಗುತ್ತದೆ, ಎಷ್ಟನ್ನು ನಾವು ಎತ್ತುತ್ತೇವೆ ಎಂಬ ಜಮಾಖರ್ಚು ಊರಿನ ಭಾಷೆಯಲ್ಲಿ, ಊರಿನ ಪಂಚಾಯತಿಯ ಗೋಡೆಯ ಮೇಲೆ ಬರೆದಿರಬೇಕು. ಮನೆಯ ಖರ್ಚನ್ನು ಬರೆದಿಡುವ ಗೃಹಿಣಿಗೆ ಇದು ಕಷ್ಟದ ಲೆಕ್ಕವಲ್ಲ. ಒಂದು ಹೆಕ್ಟೇರಿನ ಮೇಲೆ ಬಿದ್ದ 10 ಮಿಲಿಮೀಟರ್ ಮಳೆಯೆಂದರೆ ಒಂದು ಲಕ್ಷ ಲೀಟರ್.

ಎರಡನೆಯದು ಮೇಲ್ಭಾಗದ ಕಾಡು, ಹುಲ್ಲುಗಾವಲು, ಒರತೆಗಳ ರಕ್ಷಣೆ. 2011ರಲ್ಲಿ ಘೋಷಿತವಾದ ಭೀಮಗಡ ವನ್ಯಧಾಮ ಖಾನಾಪುರದ ಕಾಡಿನ ಒಂದು ಭಾಗಕ್ಕೆ ರಕ್ಷೆ ಕೊಟ್ಟಿದೆ. ಅದರ ಹೊರಗಿನ ಬೆಟ್ಟಗಳು, ಊರಿನ ಗೋಮಾಳಗಳು ಯಾರ ಗಮನದಲ್ಲಿಯೂ ಇಲ್ಲ. ಅಲ್ಲಿನ ಜನರಿಂದ ಕಾಡು ಉಳಿಸುವುದನ್ನು ಬಯಸುವ ಕೆಳಗಿನ ನಗರಗಳು ಅವರಿಗೆ ಏನನ್ನಾದರೂ ಕೊಡಲೇಬೇಕು. ಹುಬ್ಬಳ್ಳಿ-ಧಾರವಾಡದ ನೀರಿನ ಕರದಲ್ಲಿ ಒಂದು ಸಣ್ಣ ಪಾಲು ಖಾನಾಪುರದ ಗ್ರಾಮ ಪಂಚಾಯತಿಗಳಿಗೆ ಹೋಗುವಂತಾದರೆ ಅದು ದಾನವಲ್ಲ, ಋಣ. ಪಟ್ಟಣದವರಿಗೆ ಈ ಮಾತು ರುಚಿಸದಿರಬಹುದು.

ಮೂರನೆಯದು, ಬೆಣ್ಣಿಹಳ್ಳದ ಎರೆನಾಡಿನಲ್ಲಿ ಏರಿನಿಂದ ತಗ್ಗಿಗೆ ಕ್ರಮವಾಗಿ ಕೆಲಸ. ಮೊದಲು ದಿಬ್ಬದ ಮೇಲಣ ಹೊಲಗಳಿಗೆ ಸಮಪಾತಳಿಯ ಒಡ್ಡು ಮತ್ತು ಹೆಚ್ಚಾದ ನೀರು ಹೊರಹೋಗಲು ಕಲ್ಲಿನ ಕೋಡಿ, ಅನಂತರ ಕೊರಕಲುಗಳಿಗೆ ಅಡ್ಡಗಟ್ಟೆ, ಆಮೇಲೆ ಕೃಷಿಹೊಂಡ, ಕೆರೆ, ಕೊನೆಗೆ ಹಳ್ಳ. ಗುತ್ತಿಗೆಯ ಅನುಕೂಲಕ್ಕಾಗಿ ಇದನ್ನು ತಿರುವುಮುರುವು ಮಾಡಿ ಹಳ್ಳದಲ್ಲಿಯೇ ದೊಡ್ಡ ಬಾಂದಾರ ಕಟ್ಟಿದರೆ, ಮೇಲಿನ ಮಣ್ಣು ಬಂದು ಅದನ್ನು ಬೇಗನೆ ತುಂಬಿಬಿಡುತ್ತದೆ. ಎರೆಭೂಮಿಯ ಒಡ್ಡಿಗೆ ಕೋಡಿಯಿಲ್ಲದಿದ್ದರೆ ಒಡ್ಡು ಒಡೆದು ಕೆಳಗಿನವನ ಹೊಲವೂ ಕೊಚ್ಚಿಹೋಗುವುದನ್ನು ಆ ಭಾಗದ ಹಿರಿಯ ಒಕ್ಕಲಿಗರು ಎಂಜಿನಿಯರರಿಗಿಂತ ಚೆನ್ನಾಗಿ ಬಲ್ಲರು. ಅವರನ್ನು ಕೇಳಿಯೇ ಗುರುತು ಹಾಕಬೇಕು.

ಹೊಳೆಗೆ ಅದರ ಅಗಲವನ್ನು ಮರಳಿ ಕೊಡುವುದು ಎಲ್ಲಕ್ಕಿಂತ ಕಠಿಣ. ನದಿಯ ಪಾತ್ರ 1964ರ ಭೂಕಂದಾಯ ಕಾಯಿದೆಯ ಪ್ರಕಾರ ಸರ್ಕಾರದ್ದು. ಮೋಜಣಿ ಮಾಡಿಸಿ ಎರಡೂ ದಂಡೆಗೆ ಕಲ್ಲು ನೆಡಿಸುವುದು ಕಾಗದದ ಮೇಲೆ ಸುಲಭ. ಒತ್ತುವರಿ ಮಾಡಿದವರಲ್ಲಿ ಎರಡೆಕರೆಯ ಬಡವನೂ ಇದ್ದಾನೆ, ಊರಿನ ದೊಡ್ಡ ಮನೆತನವೂ ಇದೆ. ಬಡವನಿಗೆ ಬೇರೆಡೆ ನೆಲ ತೋರಿಸದೆ ಎಬ್ಬಿಸಬಾರದು. ದೊಡ್ಡವರನ್ನು ಬಿಟ್ಟು ಬಡವನನ್ನು ಮಾತ್ರ ಎಬ್ಬಿಸಲಂತೂ ಬಾರದು. ನಮ್ಮ ಸಮಾಜದ ಉಳ್ಳ ಮನೆತನಗಳು ತಾವಾಗಿ ಮುಂದೆ ಬಂದು ಹೊಳೆಯ ನೆಲವನ್ನು ಹೊಳೆಗೆ ಬಿಟ್ಟುಕೊಟ್ಟರೆ ಅರ್ಧ ಕೆಲಸ ಮುಗಿದಂತೆ.

ಇನ್ನೊಂದು ಸತ್ಯವನ್ನು ಮುಚ್ಚಿಡದೆ ಹೇಳಬೇಕು. ಮೇಲ್ಭಾಗದಲ್ಲಿ ಒಡ್ಡು, ಹೊಂಡಗಳಿಂದ ಹಿಡಿದ ನೀರೆಲ್ಲ ಕೆಳಗಿನ ಜಲಾಶಯಕ್ಕೆ ಬಾರದು. ಪ್ರತಿ ಹೊಲದಲ್ಲಿಯೂ ನೀರನ್ನು ತಡೆದು, ಆ ನೀರನ್ನು ಕೊಳವೆಬಾವಿಯಿಂದ ಎತ್ತಿ ಕಬ್ಬಿಗೆ ಹಾಕಿದರೆ ಜಲಾಶಯಕ್ಕೆ ಬರುವ ನೀರು ಇನ್ನೂ ಕುಗ್ಗಬಹುದು. ನೀರನ್ನು ಇಂಗಿಸುವುದು ಹೊಳೆಗಾಗಿಯೋ ಬೆಳೆಗಾಗಿಯೋ, ಎರಡಕ್ಕೂ ಆದರೆ ಯಾವುದಕ್ಕೆ ಎಷ್ಟು ಎಂಬುದನ್ನು ಮೇಲಿನವರೂ ಕೆಳಗಿನವರೂ ಒಂದೇ ಚಾವಡಿಯಲ್ಲಿ ಕುಳಿತು ತೀರ್ಮಾನಿಸದ ಹೊರತು ‘ಜಲಾನಯನ ಅಭಿವೃದ್ಧಿ’ ಎಂಬ ಮಾತಿನಿಂದ ಹೊಳೆಗೆ ಉಪಕಾರವಾಗದು. ಯೋಜನೆಯ ತಿರುಳು ಈ ತೀರ್ಮಾನವೇ. ಅಂತರ್ಜಲ ನಿಯಂತ್ರಣಕ್ಕೆ 2011ರ ಕಾಯಿದೆಯಿದೆ. ಆದರೆ ಊರು ಒಪ್ಪದ ನಿಯಮವನ್ನು ಕಾಯಿದೆಯೊಂದೇ ನಡೆಸಲಾರದು.

ಮಠಗಳು, ಮನೆಗಳು

ಕಣಕುಂಬಿಯಿಂದ ಸಂಗಮದವರೆಗಿನ ಊರುಗಳಲ್ಲಿ ಮಠವಿಲ್ಲದ ಸೀಮೆ ಯಾವುದು? ಪಕ್ಷ, ಪಂಗಡ, ತಾಲ್ಲೂಕುಗಳ ಗಡಿಯನ್ನು ಮೀರಿ ಮೇಲ್ದಂಡೆಯ ರೈತನನ್ನೂ ಕೆಳದಂಡೆಯ ರೈತನನ್ನೂ ಒಂದೆಡೆ ಕೂಡಿಸಬಲ್ಲ ಶಕ್ತಿ ಮಠಗಳಿಗಿದೆ. ವರ್ಷಕ್ಕೊಮ್ಮೆ, ಜಾತ್ರೆಯ ಸಂದರ್ಭದಲ್ಲಿಯಾಗಲಿ, ಬಸವ ಜಯಂತಿಯಂದಾಗಲಿ, ಎಂ.ಕೆ. ಹುಬ್ಬಳ್ಳಿಯಲ್ಲಿಯೋ ಸಂಗಮದಲ್ಲಿಯೋ ಮಲಪ್ರಭೆಯ ದಂಡೆಯವರ ಸಭೆ ಸೇರಿಸಿ, ಆಯಾ ವರ್ಷದ ನೀರಿನ ಜಮಾಖರ್ಚನ್ನು ಅಧಿಕಾರಿಗಳಿಂದ ಓದಿಸಬಹುದು. ಮಠದ ಹೆಸರಿನಲ್ಲಿರುವ ಹೊಲಗಳಲ್ಲಿ ಮೊದಲ ಒಡ್ಡು, ಮೊದಲ ಹೊಂಡ ಆಗಲಿ. ಹೊಳೆಗೆ ಹೊಂದಿದ ಮಠದ ನೆಲದಲ್ಲಿ ದಂಡೆಯುದ್ದಕ್ಕೂ ಹೊಂಗೆ, ಮತ್ತಿ, ನೇರಳೆಯ ಸಾಲು ಏಳಲಿ.

ಯಾತ್ರಿಕರಾಗಿ ಹೋಗುವ ನಾವೂ ಹೊಳೆಯಲ್ಲಿ ಬಟ್ಟೆ ಬಿಡುವುದನ್ನು, ಸಾಬೂನು ಹಚ್ಚುವುದನ್ನು, ಪ್ಲಾಸ್ಟಿಕ್ಕಿನ ಚೀಲದೊಡನೆಯೇ ಹೂವು ಎಸೆಯುವುದನ್ನು ನಿಲ್ಲಿಸುವುದಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಿಲ್ಲ. ಆದರೆ ಇಷ್ಟು ಮಾಡಿ ಹೊಳೆ ಉಳಿಸಿದೆವೆಂದು ತಿಳಿಯುವುದೂ ಬೇಡ. ದಂಡೆಯ ಪಟ್ಟಣಗಳ ಚರಂಡಿ ಶುದ್ಧೀಕರಣಗೊಳ್ಳದೆ ನೇರವಾಗಿ ಹೊಳೆಗಿಳಿಯುವುದನ್ನು ಪ್ರಶ್ನಿಸುವ ಅರ್ಜಿಗೂ ನಮ್ಮ ಸಹಿ ಬೀಳಬೇಕು.

ಜಲಾನಯನದ ಊರುಗಳಲ್ಲಿ ಹೊಲ, ಬಾವಿ ಉಳ್ಳ ಕುಟುಂಬಗಳಿಗೆ ನಮ್ಮದೊಂದು ಸೂಚನೆ. ನಿಮ್ಮ ತೆರೆದ ಬಾವಿಯ ನೀರು ದಡದಿಂದ ಎಷ್ಟು ಕೆಳಗಿದೆ ಎಂಬುದನ್ನು ವರ್ಷಕ್ಕೆ ಎರಡು ಬಾರಿ, ಮುಂಗಾರಿಗೆ ಮೊದಲೊಮ್ಮೆ, ದೀಪಾವಳಿಯ ತರುವಾಯ ಒಮ್ಮೆ, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ಅಳೆದು, ತಾರೀಖಿನೊಡನೆ ಒಂದು ವಹಿಯಲ್ಲಿ ಬರೆದಿಡಿರಿ. ಶಾಲೆಗೆ ಹೋಗುವ ಮಗುವಿನ ಕೈಯಿಂದಲೇ ಬರೆಯಿಸಿದರೆ ಇನ್ನೂ ಉತ್ತಮ. ಐದು ವರ್ಷದ ಅಂತಹ ಐವತ್ತು ವಹಿಗಳು ಒಂದು ಊರಿನಿಂದ ಸೇರಿದರೆ, ಆ ಊರಿನ ಯೋಜನೆಯನ್ನು ಯಾವ ಅಧಿಕಾರಿಯೂ ಊರನ್ನು ಕೇಳದೆ ಬರೆಯಲಾರನು.